ಮೂರು ಕಿಲೋ ಎಲ್ಲಿ ಹೋಯಿತು?

ನಮ್ಮ ಹೊಸಹಳ್ಳಿ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ಹಣ್ಣಿನ ತಳ್ಳುಗಾಡಿಗಳು ಸಿಗುತ್ತವೆ. ಕಳೆದ ವರ್ಷ ಜುಲೈನಲ್ಲಿ ಅಲ್ಲಿಂದ ಒಂದು ಕಿಲೋ ಕಪ್ಪು ದ್ರಾಕ್ಷಿ ತಂದಿದ್ದೆ. ಮೂರನೆಯ ತರಗತಿಯ ಮೊಮ್ಮಗ, ‘ಪಾಯಸಕ್ಕೆ ಹಾಕೋ ದ್ರಾಕ್ಷಿ ಇದರಿಂದಲೇ ಆಗೋದಾ ತಾತ?’ ಎಂದು ಕೇಳಿದ. ‘ಒಣಗಿಸಿದರೆ ಆಯ್ತು, ಅಷ್ಟೂ ಗೊತ್ತಿಲ್ವಾ?’ ಎಂದಳು ಆರನೆಯ ತರಗತಿಯ ಅವನ ಅಕ್ಕ. ನಾನೂ ಹೌದೆಂದೆ.

ಸ್ಟೀಲ್ ತಟ್ಟೆಯಲ್ಲಿ ಹರಡಿ ತಾರಸಿಯ ಮೇಲಿಟ್ಟೆವು. ಒಂದು ಗಳಿಗೆ ಬಿಸಿಲು, ಇನ್ನೊಂದು ಗಳಿಗೆ ಜಿಟಿಜಿಟಿ ಮಳೆ. ಮೋಡ ಕಂಡಾಗಲೆಲ್ಲ ತಟ್ಟೆ ಒಳಗೆ ತಂದು ಮುಚ್ಚಳ ಹಾಕುತ್ತಿದ್ದೆವು. ಐದನೆಯ ದಿನ ಮುಚ್ಚಳ ತೆಗೆದರೆ ಬಿಳಿ ಬೂಷ್ಟು, ಹುಳಿ ವಾಸನೆ. ಅವರಜ್ಜಿ ಮೂಗು ಹಿಡಿದುಕೊಂಡು ಅಷ್ಟನ್ನೂ ಕಸದ ಬುಟ್ಟಿಗೆ ಸುರಿದರು.

ಹಣ್ಣನ್ನು ಬೈದು ಪ್ರಯೋಜನವಿಲ್ಲ. ಅದು ‘ಬೆಂಗಳೂರು ಬ್ಲೂ’ ತಳಿ. ನಮ್ಮ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವಂಥದ್ದು. 2013ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಣ್ಣಿನ ರಸಕ್ಕೆ ಅದು ಹೇಳಿ ಮಾಡಿಸಿದ್ದು. ಆದರೆ ಒಳಗೆ ಬೀಜ, ಹೊರಗೆ ದಪ್ಪ ಸಿಪ್ಪೆ. ಒಣದ್ರಾಕ್ಷಿಗೆ ಬೇರೆ ಹಣ್ಣೇ ಬೇಕು, ಬೇರೆ ಗಾಳಿಯೂ ಬೇಕು.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕೂರುತ್ತಿದ್ದ ಗೆಳೆಯರೊಬ್ಬರ ಊರು ವಿಜಯಪುರ ಜಿಲ್ಲೆಯ ತಿಕೋಟಾ ಕಡೆ. ಫೋನಿನಲ್ಲಿ ನಮ್ಮ ತಟ್ಟೆಯ ಕಥೆ ಕೇಳಿ ಬಿದ್ದು ಬಿದ್ದು ನಕ್ಕರು. ‘ಮಾರ್ಚ್ ತಿಂಗಳಾಗ ಮಕ್ಕಳನ್ನ ಕರಕೊಂಡು ಬರ್ರಿ, ಮಣೂಕ ಹೆಂಗ ಮಾಡ್ತಾರ ತೋರಸ್ತೀನಿ’ ಎಂದರು. ಅಲ್ಲಿ ಒಣದ್ರಾಕ್ಷಿಗೆ ಮಣೂಕ ಎನ್ನುತ್ತಾರೆ.

ಪರೀಕ್ಷೆ ಮುಗಿದದ್ದೇ ಹೊರಟೆವು. ಹೊಸಹಳ್ಳಿಯಿಂದ ಎರಡು ನಿಲ್ದಾಣ ಮೆಟ್ರೊ, ಅಲ್ಲಿಂದ ಗೋಲಗುಂಬಜ್ ಎಕ್ಸ್‌ಪ್ರೆಸ್. ರಾತ್ರಿಯೆಲ್ಲ ಪ್ರಯಾಣ. ವಿಜಯಪುರದಲ್ಲಿ ಇಳಿದ ಸ್ವಲ್ಪ ಹೊತ್ತಿಗೇ ಚಿಕ್ಕವನು ‘ತಾತ, ತುಟಿ ಉರೀತಿದೆ’ ಎಂದ. ಒಣ ಗಾಳಿ ಹಾಗೆ ಬೀಸುತ್ತಿತ್ತು. ಮಣೂಕಕ್ಕೆ ಬೇಕಾದದ್ದು ಇದೇ ಗಾಳಿ.

ಗೆಳೆಯರ ತಮ್ಮನ ತೋಟದಲ್ಲಿ ‘ಥಾಮ್ಸನ್’ ಎಂಬ ಬೀಜವಿಲ್ಲದ ಹಸಿರು ದ್ರಾಕ್ಷಿ. ವರ್ಷಕ್ಕೆ ಎರಡು ಸಲ, ಏಪ್ರಿಲ್‌ನಲ್ಲೊಮ್ಮೆ ಅಕ್ಟೋಬರ್‌ನಲ್ಲೊಮ್ಮೆ, ‘ಚಾಟ್ನಿ’ ಮಾಡುತ್ತೇವೆ ಎಂದರು. ಚಿಕ್ಕವನು ‘ದ್ರಾಕ್ಷಿ ಚಟ್ನಿಯಾ?’ ಎಂದು ಬಾಯಿಬಿಟ್ಟ. ಚಾಟ್ನಿ ಎಂದರೆ ಬಳ್ಳಿ ಕತ್ತರಿಸುವುದು. ಮೊದಲನೆಯದು ಹೊಸ ಕಡ್ಡಿ ಬೆಳೆಯಲು, ಎರಡನೆಯದು ಆ ಕಡ್ಡಿಯಲ್ಲಿ ಹಣ್ಣು ಬಿಡಲು.

ಹಣ್ಣಾದ ಕೂಡಲೇ ಕೊಯ್ಯುವುದಿಲ್ಲ. ಒಂದು ಪುಟ್ಟ ದುರ್ಬೀನಿನಂಥ ಉಪಕರಣದ ಗಾಜಿನ ಮೇಲೆ ಎರಡು ಹನಿ ರಸ ಬಿಟ್ಟು ಬೆಳಕಿಗೆ ಹಿಡಿದರೆ ಸಿಹಿಯ ಅಳತೆ ಕಾಣುತ್ತದೆ. ಅದು 22 ದಾಟಬೇಕು. ಅಂದರೆ 100 ಗ್ರಾಂ ರಸದಲ್ಲಿ ಸುಮಾರು 22 ಗ್ರಾಂ ಸಕ್ಕರೆ. ಮೊಮ್ಮಗಳು ಆ ಉಪಕರಣವನ್ನು ಕೈಯಿಂದ ಬಿಡಲೇ ಇಲ್ಲ.

ಮಕ್ಕಳೇ, ದ್ರಾಕ್ಷಿಯ ಮೇಲೆ ಬೂದಿ ಸವರಿದಂತೆ ತೆಳ್ಳಗೆ ಬಿಳಿಪು ಇರುತ್ತದಲ್ಲ, ನೋಡಿದ್ದೀರಾ? ಅದು ಮೇಣ. ಒಳಗಿನ ನೀರು ಆರದಂತೆ ಬಳ್ಳಿ ಹೊದಿಸಿದ ರೇನ್‌ಕೋಟು. ನಮ್ಮ ತಟ್ಟೆ ಕೈಕೊಟ್ಟದ್ದಕ್ಕೆ ಇದೂ ಒಂದು ಕಾರಣ. ಅಲ್ಲಿ ಗೊಂಚಲುಗಳನ್ನು ಕ್ರೇಟಿಗೆ ತುಂಬಿ, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಬೆರೆಸಿದ ನೀರಿನಲ್ಲಿ ಕೆಲವು ನಿಮಿಷ ಅದ್ದುತ್ತಾರೆ. ಮೇಣದ ಹೊದಿಕೆ ಸಡಿಲವಾಗಿ ನೀರಿಗೆ ದಾರಿಯಾಗುತ್ತದೆ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಜನ ಹಿಂದೆ ಇದೇ ಕೆಲಸವನ್ನು ಕಟ್ಟಿಗೆಯ ಬೂದಿನೀರು ಮತ್ತು ಆಲಿವ್ ಎಣ್ಣೆಯಿಂದ ಮಾಡುತ್ತಿದ್ದರು. ನಮ್ಮಮ್ಮ ಪಾತ್ರೆ ತಿಕ್ಕುತ್ತಿದ್ದ ಒಲೆಬೂದಿಯಲ್ಲೂ ಇದ್ದದ್ದು ಅದೇ ಪೊಟ್ಯಾಸಿಯಂ ಕಾರ್ಬೊನೇಟ್!

ಅದ್ದಿದ ಮೇಲೆ ಶೆಡ್ಡಿಗೆ. ಮೇಲೆ ಚಾವಣಿ, ನಾಲ್ಕೂ ಕಡೆ ಬಯಲು, ನಡುವೆ ಒಂದರ ಮೇಲೊಂದು ಬಲೆಯ ಅಟ್ಟಣಿಗೆಗಳು. ನೇರ ಬಿಸಿಲು ತಾಗಿದರೆ ಹಣ್ಣು ಕಂದಾಗುತ್ತದೆ. ನೆರಳಲ್ಲಿ ಗಾಳಿಗೆ ಒಣಗಿದರೆ ಹಸಿರು ಮಿಶ್ರಿತ ಹೊನ್ನಿನ ಬಣ್ಣ. ಆ ಬಣ್ಣ ಉಳಿಯಲೆಂದು ಗಂಧಕದ ಹೊಗೆಯನ್ನೂ ಕೊಡುತ್ತಾರೆ. ಹದಿನೈದು ದಿನಗಳಾಗುವ ಹೊತ್ತಿಗೆ ಮಣೂಕ ಸಿದ್ಧ.

‘ನಾಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ ಬರ್ತೈತ್ರಿ’ ಎಂದರು ಮನೆಯವರು.

‘ಹಾಗಾದ್ರೆ ಮೂರು ಕಿಲೋ ಎಲ್ಲಿ ಹೋಯ್ತು?’ ಎಂದ ಚಿಕ್ಕವನು.

ಪ್ರಶ್ನೆ ನನಗೆ ಬಹಳ ಹಿಡಿಸಿತು. ನಮ್ಮ ಕಾಲದಲ್ಲಿ ದಿನದ ಲೆಕ್ಕ ಹತ್ತು ರೂಪಾಯಿ ತಾಳೆಯಾಗದಿದ್ದರೂ ಮನೆಗೆ ಹೋಗುವಂತಿರಲಿಲ್ಲ. ಅವನ ಅಕ್ಕ ಸ್ವಲ್ಪ ಯೋಚಿಸಿ, ‘ನೀರು ಗಾಳಿಗೆ ಹೋಯ್ತು, ಸಕ್ಕರೆ ಇಲ್ಲೇ ಉಳೀತು’ ಎಂದಳು. ಅದಕ್ಕೇ ಅಷ್ಟು ಸಿಹಿ. ನೀರು ನೂರರಲ್ಲಿ 15–16 ಪಾಲಿಗೆ ಇಳಿಯುವುದರಿಂದ ಬೂಷ್ಟಿಗೂ ಅಲ್ಲಿ ಬದುಕು ಕಷ್ಟ.

ಸಂಜೆ ಪಡುವಣದಲ್ಲಿ ಮೋಡ ಕಟ್ಟಿತು. ಮಾತಾಡುತ್ತ ಕುಳಿತಿದ್ದವರೆಲ್ಲ ಎದ್ದು ಓಡಿದರು. ಶೆಡ್ಡಿನ ಸುತ್ತ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟು ಹಗ್ಗ ಕಟ್ಟತೊಡಗಿದರು. ನಮ್ಮ ಮಕ್ಕಳೂ ಹಾಳೆಯ ತುದಿ ಹಿಡಿದು ನಿಂತರು. ಮನೆಯ ಅಕ್ಕನವರು, ‘ಈಗ ಮಳಿ ಬಂದ್ರ ಕಾಯಿ ಕಪ್ಪಾಗ್ತಾವ್ರಿ, ಯಾರೂ ಕೇಳಂಗಿಲ್ಲ. ಹಿಂದೊಮ್ಮೆ ಹಂಗ ಆಗಿ ಸಾಲದ ಕಂತು ಕಟ್ಟಾಕ ಆಗಲಿಲ್ಲ’ ಎಂದರು, ಗಂಟು ಬಿಗಿಯುತ್ತಲೇ. ನಾನು ಬೆಳೆಸಾಲದ ಲೆಡ್ಜರಿನಲ್ಲಿ ಎಷ್ಟೋ ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ ‘ಕಂತು ಬಾಕಿ’ ಎಂದು ಬರೆದಿದ್ದೇನೆ. ಅದರ ಹಿಂದೆ ಇಂಥ ಸಂಜೆಯೊಂದು ಇದ್ದೀತೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಹತ್ತಿಪ್ಪತ್ತು ಹನಿ ಪಟಪಟನೆ ಬಿದ್ದವು. ಆಮೇಲೆ ಗಾಳಿ ಮೋಡವನ್ನು ತಳ್ಳಿಕೊಂಡು ಹೋಯಿತು. ಅಂದು ರಾತ್ರಿ ಊಟಕ್ಕೆ ಕುಳಿತಾಗಲೂ ಚಿಕ್ಕವನು ಎರಡು ಸಲ ಎದ್ದು ಆಕಾಶ ನೋಡಿ ಬಂದ.

ಹೊಸಹಳ್ಳಿಗೆ ಬಂದ ಮೇಲೆ ಮತ್ತೆ ತಾರಸಿ. ಈ ಸಲ ಬೀಜವಿಲ್ಲದ ಹಸಿರು ದ್ರಾಕ್ಷಿ 400 ಗ್ರಾಂ. ಅರ್ಧ ನಿಮಿಷ ಕುದಿಯುವ ನೀರಿನಲ್ಲಿ ಅದ್ದಿದರೂ ಮೇಣ ಸಡಿಲವಾಗುತ್ತದೆ. ಆ ಕೆಲಸ ಅಜ್ಜಿಯದು, ಮಕ್ಕಳು ಒಲೆಯ ಹತ್ತಿರ ಹೋಗಕೂಡದು. ಹಳೆಯ ಸೊಳ್ಳೆಪರದೆಯನ್ನು ಎರಡು ಕುರ್ಚಿಗಳ ನಡುವೆ ಬಿಗಿದು ಕಟ್ಟಿ, ಅದರ ಮೇಲೆ ಹರಡಿ, ನೊಣ ಕೂರದಂತೆ ತೆಳು ಬಟ್ಟೆ ಹೊದಿಸಿದೆವು. ರಾತ್ರಿ ಒಳಗೆ ತಂದರೂ ಮುಚ್ಚಳ ಹಾಕಲಿಲ್ಲ. ನಮ್ಮದು ಬಿಸಿಲಿನಲ್ಲಿ ಒಣಗಿದ್ದರಿಂದ ಕಂದು ಬಣ್ಣವೇ ಬಂತು, ಇರಲಿ.

ಒಂಬತ್ತನೆಯ ದಿನ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿದೆವು. ತಿಕೋಟಾದ ಲೆಕ್ಕದಂತೆ 100 ಗ್ರಾಂ ಇರಬೇಕಿತ್ತು, 84 ತೋರಿಸಿತು. ಮೊಮ್ಮಗಳು ತಕ್ಕಡಿ ಸರಿಯಿಲ್ಲ ಎಂದಳು. ನಾನು ಚಿಕ್ಕವನ ಕಡೆ ನೋಡಿದೆ. ಅವನ ಬಾಯಿ ಅಲ್ಲಾಡುತ್ತಿತ್ತು.