ಕೇಳಬಾರದಾಗಿದ್ದ ಪ್ರಶ್ನೆ

ವಾಚಕ ಮಹಾಶಯರೆ, ಪ್ರವಾಸಕಥನವೆಂದೊಡನೆ ಕಂಡ ನೋಟಗಳ ವರ್ಣನೆಯನ್ನು ತಾವು ನಿರೀಕ್ಷಿಸುವುದು ಸಹಜ. ನಾನು ಹೇಳಹೊರಟಿರುವುದು ನನ್ನದೇ ಒಂದು ತಪ್ಪಿನ ವೃತ್ತಾಂತ.

2018ರಲ್ಲಿ ಬೀಜಿಂಗಿನಿಂದ ರೈಲಿನಲ್ಲಿ ಹೊರಟು, ಯಾಲು ನದಿಯ ಸೇತುವೆಯನ್ನು ದಾಟಿ ಉತ್ತರ ಕೊರಿಯವನ್ನು ಪ್ರವೇಶಿಸಿದೆ. ಗಡಿಯಲ್ಲಿ ಪುಸ್ತಕಗಳನ್ನೂ ಮೊಬೈಲನ್ನೂ ಶೋಧಿಸಿದರು. ರಾಜಧಾನಿ ಪ್ಯೋಂಗ್‌ಯಾಂಗಿನಲ್ಲಿ ಇಬ್ಬರು ಮಾರ್ಗದರ್ಶಕರು ನಮ್ಮ ತಂಡವನ್ನು ಎದುರುಗೊಂಡರು. ಒಬ್ಬಳು ತರುಣಿ, ಇನ್ನೊಬ್ಬ ನಡುವಯಸ್ಸಿನ ಗೃಹಸ್ಥ. ಅವರಿಲ್ಲದೆ ಬೀದಿಗಿಳಿಯುವಂತಿರಲಿಲ್ಲ. ತೇದೋಂಗ್ ನದಿಯ ನಡುಗಡ್ಡೆಯಲ್ಲಿ ನಮ್ಮ ಹೋಟೆಲು. ಅದೇ ಹೋಟೆಲಿನಲ್ಲಿ ಭಿತ್ತಿಪತ್ರವೊಂದನ್ನು ಕದಿಯಲೆತ್ನಿಸಿದನೆಂಬ ಆರೋಪದ ಮೇಲೆ ಆಟೊ ವಾರ್ಮ್‌ಬಿಯರ್ ಎಂಬ ಅಮೆರಿಕದ ವಿದ್ಯಾರ್ಥಿಗೆ 2016ರಲ್ಲಿ 15 ವರ್ಷಗಳ ಕಠಿನ ದುಡಿಮೆಯ ಶಿಕ್ಷೆ ವಿಧಿಸಿದ್ದರು. 2017ರ ಜೂನಿನಲ್ಲಿ ಪ್ರಜ್ಞೆಯಿಲ್ಲದೆ ತಾಯ್ನಾಡಿಗೆ ಮರಳಿದ ಆತ ಕೆಲವೇ ದಿನಗಳಲ್ಲಿ ತೀರಿಕೊಂಡ. ಇದನ್ನರಿತಿದ್ದ ನಾನು ನನ್ನ ಕ್ಷೇಮದ ಬಗ್ಗೆ ಬಹಳ ಎಚ್ಚರದಿಂದಿದ್ದೆ. ನನ್ನ ಕ್ಷೇಮದ ಬಗ್ಗೆ ಮಾತ್ರ.

ಮನ್ಸು ಗುಡ್ಡದ ಮೇಲೆ ಕಿಮ್ ಇಲ್ ಸುಂಗರ ಸುಮಾರು 20 ಮೀಟರ್ ಎತ್ತರದ ಕಂಚಿನ ಪ್ರತಿಮೆಯನ್ನು 1972ರಲ್ಲಿ ನಿಲ್ಲಿಸಿದ್ದಾರೆ. ಮಗ ಕಿಮ್ ಜಾಂಗ್ ಇಲ್ ಅವರ ಪ್ರತಿಮೆ 2012ರಲ್ಲಿ ಪಕ್ಕಕ್ಕೆ ಬಂದಿತು. ಹೂವಿಟ್ಟು, ಸಾಲಾಗಿ ನಿಂತು ಬಾಗಬೇಕು. ಚಿತ್ರ ತೆಗೆದರೆ ಪ್ರತಿಮೆ ಅಡಿಯಿಂದ ಮುಡಿಯವರೆಗೆ ಬರಬೇಕು. ಎಲ್ಲರೊಡನೆ ನಾನೂ ಬಾಗಿದೆ. ನೋಡಲೆಂದು ಹಣ ತೆತ್ತು ಹೋದವನು ಅಲ್ಲಿ ತಾನೇ ಒಂದು ನೋಟವಾಗಿಬಿಡುತ್ತಾನೆ! ಆ ಮುಜುಗರವನ್ನು ಕಳೆದುಕೊಳ್ಳಲೆಂದೋ ಏನೋ, ಬಸ್ಸಿನಲ್ಲಿ ಆ ತರುಣಿಯನ್ನು ಕೇಳಿದೆ: 1990ರ ದಶಕದ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನರು ಸತ್ತರಂತಲ್ಲ, ನಿಮ್ಮ ಮನೆಯವರು ಹೇಗೆ ಬದುಕಿಕೊಂಡರು?

ಆಕೆಯ ಮುಖ ವಿವರ್ಣವಾಯಿತು. ದೃಷ್ಟಿ ನನ್ನತ್ತ ಬರಲಿಲ್ಲ. ಮುಂದಿನ ಆಸನದಲ್ಲಿದ್ದ ಜತೆಗಾರನತ್ತ ಹೋಯಿತು. ಇಬ್ಬರನ್ನೇಕೆ ನೇಮಿಸುತ್ತಾರೆಂಬುದು ಆಗ ನನಗೆ ಹೊಳೆಯಿತು. ಬಳಿಕ 1995ರ ಪ್ರವಾಹದ ಬಗ್ಗೆ, ನಾಯಕರ ಕೃಪೆಯ ಬಗ್ಗೆ ಪಾಠ ಒಪ್ಪಿಸುವ ಬಾಲಕಿಯಂತೆ ನುಡಿದಳು. ಸ್ವರ ಅಗತ್ಯಕ್ಕಿಂತ ಎತ್ತರವಾಗಿತ್ತು, ನನಗೆ ಕೇಳಿಸಲೆಂದಲ್ಲ. ಮರುದಿನದಿಂದ ಆ ಗೃಹಸ್ಥನೇ ನನ್ನ ಪಕ್ಕದಲ್ಲಿ ಕುಳಿತ. ಆಕೆ ಎಂದಿನಂತೆ ತಂಡದೆದುರು ನಿಂತು ವಿವರಿಸುತ್ತಿದ್ದಳು. ನನ್ನನ್ನು ಮಾತ್ರ ನೋಡುತ್ತಿರಲಿಲ್ಲ.

ನಿಗದಿಯಾದ ದಿನ ನಾನು ರೈಲು ಹತ್ತಿದೆ. ಆಕೆ ಅಲ್ಲಿಯೇ ಉಳಿದಳು. 2020ರ ಜನವರಿಯಲ್ಲಿ ಆ ದೇಶ ಗಡಿಗಳನ್ನೇ ಮುಚ್ಚಿಕೊಂಡಿತು. ಕ್ಷೇಮ ವಿಚಾರಿಸಿ ಕಾಗದ ಬರೆಯೋಣವೆಂದರೆ, ಅದೇ ಆಕೆಗೆ ಮತ್ತೊಂದು ಆಪತ್ತಾದೀತು.

ಪ್ರತಿಮೆಗಳೆದುರು ತೆಗೆಸಿಕೊಂಡ ಭಾವಚಿತ್ರದ ಅಂಚಿನಲ್ಲಿ ಆಕೆಯೂ ಇದ್ದಾಳೆ. ಲೇಖನದೊಡನೆ ಚಿತ್ರವೊಂದನ್ನು ಕಳುಹಿಸಬೇಕೆಂದು ಸಂಪಾದಕರು ಸೂಚಿಸಿದ್ದರು. ಕಳುಹಿಸಿಲ್ಲ, ಆಕೆಯ ಹೆಸರನ್ನೂ ಬರೆದಿಲ್ಲ. ಸಂಪಾದಕರೂ ತಾವೂ ಮನ್ನಿಸಬೇಕು.