ಹಿಮದ ಕೈಗವಸು

ಬೆಳಗಿನಲ್ಲಿ ಎದ್ದೊಡನೆ ತನ್ನ ಅಂಗೈಯನ್ನು ತಾನೇ ನೋಡಿ ನಮಸ್ಕರಿಸುವುದು ಹಿರಿಯರ ಸಂಪ್ರದಾಯ. ದುಡಿಮೆಯೂ ದಾನವೂ ಕೈಯಿಂದಲೇ ನಡೆಯತಕ್ಕವಷ್ಟೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ, ಕೃಷ್ಣರಾಜನಗರದ ಗದ್ದೆಗಳಲ್ಲಿ ಪೈರು ನೆಡುವ ಹೆಂಗಸರಿಗಂತೂ ಕೈಯೇ ಜೀವನಾಧಾರ. ಇಂತಹ ಗೃಹಿಣಿಯೊಬ್ಬಳಿಗೆ ಅರ್ಬುದರೋಗವುಂಟಾಗಿ, ಮೈಸೂರಿಗೆ ಹೋಗಿ ಕೀಮೋಥೆರಪಿಯನ್ನು ಪಡೆಯಬೇಕಾಗಿ ಬಂದರೆ, ಪ್ರಾಣವನ್ನುಳಿಸತಕ್ಕ ಔಷಧವೇ ಕೆಲವೊಮ್ಮೆ ಕೈಗಳನ್ನು ಬಾಧಿಸುವುದುಂಟು. ಸ್ತನದ ಅರ್ಬುದಕ್ಕೆ ಕೊಡುವ ಡೋಸಿಟ್ಯಾಕ್ಸೆಲ್‌ನಿಂದ ಉಗುರು ಕಪ್ಪಾಗಿ ತಳದಿಂದ ಸಡಿಲುವುದು, ಅಂಗೈ ಕೆಂಪೇರಿ ಸುಲಿಯುವುದು ಮೊದಲಾದುವು ತೋರಬಹುದು. ಆಗ ರವಿಕೆಯ ಗುಂಡಿ ಹಾಕುವುದೂ ಅನ್ನ ಕಲಸುವುದೂ ಕಷ್ಟ.

ಇದಕ್ಕೆ ಕಂಡುಕೊಂಡ ಉಪಾಯವು ಸರಳವಾದುದು. ಔಷಧವು ರಕ್ತದೊಡನೆ ಸಂಚರಿಸುವುದು. ಶೀತದಿಂದ ಬೆರಳುಗಳ ಸೂಕ್ಷ್ಮ ರಕ್ತನಾಳಗಳು ಸಂಕುಚಿತವಾಗುವುವು. ಆದುದರಿಂದ ಔಷಧವು ನಾಳಕ್ಕೆ ಇಳಿಯುವ ಹೊತ್ತಿನಲ್ಲಿ ಕೈಯನ್ನು ತಣ್ಣಗಿರಿಸಿದರೆ ಅಲ್ಲಿಗೆ ತಲಪುವ ಪ್ರಮಾಣವು ಕಡಿಮೆಯಾಗುವುದು. 2005ರಲ್ಲಿ ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ 45 ಮಂದಿ ರೋಗಿಗಳ ಬಲಗೈಗೆ ಮಾತ್ರ 90 ನಿಮಿಷ ಹಿಮಶೀತಲವಾದ ಗವಸನ್ನು ತೊಡಿಸಿ, ಎಡಗೈಯನ್ನು ಹಾಗೆಯೇ ಬಿಟ್ಟಿದ್ದರು. ಬರಿಯ ಕೈಯಲ್ಲಿ ಉಗುರಿನ ಬಾಧೆ ನೂರಕ್ಕೆ 51. ಗವಸು ತೊಟ್ಟ ಕೈಯಲ್ಲಿ 11. ಚರ್ಮದ ಬಾಧೆಯು 53ಕ್ಕೆ ಪ್ರತಿಯಾಗಿ 24. ಒಂದೇ ದೇಹ, ಒಂದೇ ಔಷಧ, ಭೇದವು ಶೀತದ್ದೊಂದೇ.

ರೋಗಿಗೆ ಶೀತ ಸೋಕಬಾರದೆಂಬ ಎಚ್ಚರಿಕೆ ಹಳ್ಳಿಯ ಮನೆಗಳಲ್ಲಿ ಬಲವಾದುದು. ಮಗಳ ಕೈಗೆ ಮಂಜುಗಡ್ಡೆಯೆಂದರೆ ತಾಯಿ ಬೆದರುವುದು ಸಹಜ. ಆ ಭಯವನ್ನು ನಕ್ಕು ತಳ್ಳಿಬಿಡುವುದೂ ತರವಲ್ಲ. ದೊಡ್ಡ ಕರುಳಿನ ಅರ್ಬುದಕ್ಕೆ ಕೊಡುವ ಆಕ್ಸಾಲಿಪ್ಲಾಟಿನ್ ಪಡೆದವರಿಗೆ ತಣ್ಣೀರು ಮುಟ್ಟಿದರೂ ಬೆರಳಿನಲ್ಲಿ ಮುಳ್ಳು ಚುಚ್ಚಿದಂತಾಗಬಹುದು. ಅಂಥವರ ಕೈಗೆ ಹಿಮದ ಗವಸು ಹಿತವಾಗಲಾರದು. ಶೀತದಿಂದ ಬೆರಳು ಬಿಳಿಚಿ ನೋಯುವ ಪ್ರಕೃತಿಯವರೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮಂಜುಗಡ್ಡೆಯನ್ನು ಬರಿಯ ಚರ್ಮದ ಮೇಲಿರಿಸಿದರೆ ಚರ್ಮವೇ ಬೆಂದಂತಾಗುವುದು. ಇನ್ನು ಕೇಪ್‌ಸಿಟಾಬಿನ್ ಎಂಬ ಗುಳಿಗೆಯನ್ನು ದಿನದಿನವೂ ನುಂಗತಕ್ಕುದಾದುದರಿಂದ ಅಷ್ಟು ಕಾಲವೂ ಕೈಯನ್ನು ಹಿಮದಲ್ಲಿರಿಸುವುದು ಆಗದ ಮಾತು. ಅದಕ್ಕೆ ಬೇರೊಂದು ದಾರಿಯುಂಟು: ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯವರು 264 ಮಂದಿಯಲ್ಲಿ ನಡೆಸಿ 2024ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಬರಿಯ ಲೇಪ ಹಚ್ಚಿದವರಲ್ಲಿ ನೂರಕ್ಕೆ 15ರಷ್ಟಿದ್ದ ಕೈಕಾಲುಗಳ ಹೆಚ್ಚಿನ ಬಾಧೆಯು ಡೈಕ್ಲೋಫೆನಾಕ್ ಲೇಪ ಹಚ್ಚಿದವರಲ್ಲಿ 4ಕ್ಕಿಂತ ಕಡಿಮೆಯಿತ್ತು.

ಆದುದರಿಂದ ಯಾವ ಔಷಧ, ಅದಕ್ಕೆ ಶೀತವು ಮಿತ್ರವೋ ಶತ್ರುವೋ, ಎಷ್ಟು ಹೊತ್ತು ಎಂಬ ಮೂರನ್ನು ಮೊದಲ ದಿನವೇ ವೈದ್ಯರಲ್ಲಿ ಸಂಕೋಚವಿಲ್ಲದೆ ಕೇಳಿಕೊಳ್ಳುವುದು ಮನೆಯವರ ಕರ್ತವ್ಯ. ಉಗುರು ಸಡಿಲಿದ ಮೇಲೆ ಕೇಳಿದರೆ ಹೊತ್ತು ಮೀರಿರುತ್ತದೆ. ಪ್ರಾಣವುಳಿಸಿಕೊಂಡು ಊರಿಗೆ ಮರಳಿದವಳಿಗೆ ಮುಂದಿನ ಮಳೆಗೆ ಪೈರು ನೆಡಲು ಕೈಯೂ ಬೇಕು.