ಮೂತಿಯ ಮೇಲೊಂದು ಕಡ್ಡಿ

ಅಕಿವಾಟಕ್ಕೆ ನಾನು ಹೋದದ್ದು ಗುಡಿ ನೋಡುವ ನೆಪದಲ್ಲಿ. ಕೊಲ್ಹಾಪುರ ಜಿಲ್ಲೆ ಶಿರೋಳ ತಾಲೂಕಿನ ಈ ಊರಿನಲ್ಲಿ ಅಂಗಡಿಯ ಹೊರಗಿನ ಫಲಕ ಮರಾಠಿ, ಒಳಗಿನ ಚೌಕಾಸಿ ಕನ್ನಡ. ಫೆಬ್ರುವರಿಯ ಕೊನೆಯ ದಿನಗಳು. ಕಬ್ಬು ಕಡಿಯುವವರ ಬೆನ್ನಿಗೇ ಬೆಳ್ಳಕ್ಕಿಗಳ ಹಿಂಡು. ಒಂದೊಂದು ಸಾಲು ಬಯಲಾದಂತೆ ಹಾರಿ ಬಂದು ಹುಳು ಹೆಕ್ಕಿ ಮತ್ತೆ ಹಿಂದಕ್ಕೆ ಸರಿಯುತ್ತಿದ್ದವು. ಕೂಲಿ ಕೇಳದ ಆಳುಗಳು.

ಅಲ್ಲಿಂದ ಖಿದ್ರಾಪುರ ದೂರವಿಲ್ಲ. ಶಿಲಾಹಾರರ ಕಾಲದ, 12ನೇ ಶತಮಾನದ ಕೋಪೇಶ್ವರ ಗುಡಿಯನ್ನು ಬುಡದಲ್ಲಿ ಆನೆಗಳ ಸಾಲು ಹೊತ್ತು ನಿಂತಿದೆ. ಸ್ವರ್ಗಮಂಟಪದ ನೆತ್ತಿಗೆ ಛಾವಣಿಯಿಲ್ಲ, ತಲೆ ಎತ್ತಿದರೆ ದುಂಡಗಿನ ಒಂದು ತುಂಡು ಆಕಾಶ. ಶಿವನ ಗುಡಿಯಾದರೂ ಎದುರಿಗೆ ಬಸವಣ್ಣನಿಲ್ಲ. ದಕ್ಷನ ಯಜ್ಞಕ್ಕೆ ಸತಿಯನ್ನು ಹೊತ್ತೊಯ್ದ ನಂದಿ ಅತ್ತ ಯಡೂರಿನಲ್ಲೇ ಉಳಿದನಂತೆ. ಯಡೂರು ಈಗ ಕರ್ನಾಟಕದಲ್ಲಿದೆ. ಹಾಗಾಗಿ ದೇವರು ಒಂದು ರಾಜ್ಯದಲ್ಲಿ, ವಾಹನ ಇನ್ನೊಂದರಲ್ಲಿ.

ಗುಡಿಯಿಂದ ಕೃಷ್ಣೆಗೆ ಕೂಗಳತೆ. ಆಚೆ ದಡದ್ದು ಜುಗೂಳ, ಅದೂ ಕರ್ನಾಟಕ. ಕಾಲು ತೊಳೆಯೋಣವೆಂದು ಇಳಿಯುತ್ತಿದ್ದೆ. ಮೇವಿನ ಹೊರೆ ಇಳಿಸಿ ಕುಳಿತಿದ್ದ ಹಿರಿಯರೊಬ್ಬರು ತಡೆದರು.

“ನೀರಿಗಿ ಹೋಗಬ್ಯಾಡ್ರಿ ಸರ. ಮೊಸಳಿ ಅದಾವು.”

“ಎಲ್ಲೂ ಕಾಣವಲ್ಲ ಕಾಕಾ?”

“ಕಂಡ್ರ ಅಂಜಿಕಿಲ್ಲರಿ. ಕಾಣದಿದ್ದಾಗನ ಅಂಜಬೇಕು.”

ಕರೆದೊಯ್ದು ತೋರಿಸಿದರು. ಕೆಸರಿನ ಇಳಿಜಾರಿನಲ್ಲಿ ಎರಡು ಬದಿಗೆ ಹೆಜ್ಜೆಗಳು, ನಡುವೆ ಹಗ್ಗ ಎಳೆದಂತೆ ಬಾಲದ ಗೆರೆ. ಕೂತು ಎಣಿಸಿದೆ. ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಗೆರೆಯ ಅಂಚು ಇನ್ನೂ ಒಣಗಿರಲಿಲ್ಲ. ಆಗ ತಾನೇ ಎದ್ದುಹೋದವರ ಹಾಸಿಗೆ ಮುಟ್ಟಿದಂತಾಯಿತು. ಮುಂದಿನ ಒಂದು ಗಂಟೆ ಹೊಳೆಯನ್ನೇ ನೋಡುತ್ತ ಕೂತೆ. ಸಿಕ್ಕಿದ್ದು ಇಷ್ಟೇ: ನಡುನೀರಿನಲ್ಲಿ ಮೂರು ಗುಬುಟುಗಳು, ಎರಡು ಕಣ್ಣು, ಒಂದು ಮೂಗು. ರೆಪ್ಪೆ ಬಡಿಯುವುದರೊಳಗೆ ಒಂದು ಅಲೆಯನ್ನೂ ಎಬ್ಬಿಸದೆ ಮುಳುಗಿಬಿಟ್ಟವು.

ಊರಿಗೆ ಮರಳಿದ ಮೇಲೆ ಮೊಸಳೆಯ ಬಗ್ಗೆ ಓದುತ್ತ ಹೋದೆ. ಬಿದ್ದ ಕೊರಡಿನಂಥ ಈ ಪ್ರಾಣಿ ಇಷ್ಟೆಲ್ಲ ಬಲ್ಲದೆಂದು ಗೊತ್ತಿರಲಿಲ್ಲ. ಚೆನ್ನೈ ಬಳಿ ರಾಮುಲಸ್ ವಿಟೇಕರ್ 1976ರಲ್ಲಿ ಕಟ್ಟಿದ ಮೊಸಳೆ ಕೇಂದ್ರವಿದೆ. ಅಲ್ಲಿ 2007ರಲ್ಲಿ ವ್ಲಾದಿಮಿರ್ ಡಿನೆಟ್ಸ್ ಎಂಬ ವಿಜ್ಞಾನಿ ಒಂದು ವಿಚಿತ್ರ ಕಂಡರು. ಬೆಳ್ಳಕ್ಕಿಗಳು ಗೂಡು ಕಟ್ಟುವ ಮರಗಳ ಕೆಳಗೆ ಮೊಸಳೆಗಳು ಮೂತಿಯ ಮೇಲೆ ಕಡ್ಡಿಗಳನ್ನಿಟ್ಟುಕೊಂಡು ಅಲ್ಲಾಡದೆ ಮಲಗಿದ್ದವು. ಗೂಡಿನ ಕಾಲದಲ್ಲಿ ಕಡ್ಡಿಗಾಗಿ ಹಕ್ಕಿಗಳೊಳಗೇ ಜಗಳ. ತೇಲುವ ಕಡ್ಡಿ ಕಂಡರೆ ಬಂದು ಎತ್ತುತ್ತವೆ, ಎತ್ತಲು ಬಾಗಿದ್ದು ಬಾಯಿಗೆ. ಇದು ಬೇಕೆಂದೇ ಹೂಡಿದ ಹೂಟವೋ, ಕಡ್ಡಿ ತಾನಾಗಿ ಬಂದು ಕೂತದ್ದೋ ಎಂಬ ವಾದ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಕೃಷ್ಣೆಯ ಆ ಮೂರು ಗುಬುಟು ನೋಡಿದ ನಾನಂತೂ ಹೂಟವೆಂದೇ ನಂಬಿದ್ದೇನೆ. ಸ್ವಾರಸ್ಯವೆಂದರೆ ಮೊಸಳೆ ಹಲ್ಲಿಗಿಂತ ಹಕ್ಕಿಗೇ ಹತ್ತಿರದ ನಂಟ. ಹಕ್ಕಿಯಂತೆ ಅದರ ಹೃದಯಕ್ಕೂ ನಾಲ್ಕು ಕೋಣೆ.

ಅದರ ಸಂಸಾರ ಇನ್ನೂ ಸೋಜಿಗದ್ದು. ನಮ್ಮ ಹೊಳೆಗಳ ಮೊಸಳೆ ಬೇಸಿಗೆಯ ಹೊಸ್ತಿಲಲ್ಲಿ ದಡದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದು ಆಗ ತೀರ್ಮಾನವಾಗಿರುವುದೇ ಇಲ್ಲ. ಗುಂಡಿಯ ಬಿಸಿ 31 ಡಿಗ್ರಿ ದಾಟದಿದ್ದರೆ ಎಲ್ಲ ಹೆಣ್ಣು. 32.5ರ ಆಸುಪಾಸಿನಲ್ಲಿದ್ದರೆ ಗಂಡು. ಒಂದೂವರೆ ಡಿಗ್ರಿಯಲ್ಲಿ ಒಂದು ಸಂತತಿಯ ಹಣೆಬರಹ! ಎರಡು ತಿಂಗಳ ಮೇಲೆ, ಮಳೆಗಾಲದ ಬಾಗಿಲಲ್ಲಿ, ಮರಿಗಳು ಮೊಟ್ಟೆಯೊಳಗಿಂದಲೇ ಕೂಗುತ್ತವೆ. ಕೂಗು ಕೇಳಿ ತಾಯಿ ಗುಂಡಿ ಬಗೆಯುತ್ತದೆ. ಒಡೆಯಲಾರದ ಮೊಟ್ಟೆಯನ್ನು ಹಲ್ಲುಗಳ ನಡುವೆ ಉರುಳಿಸಿ ಮೆಲ್ಲಗೆ ಬಿರಿಯಿಸುತ್ತದೆ, ಮರಿಗಳನ್ನು ಬಾಯಲ್ಲಿ ಹೊತ್ತು ನೀರಿಗೆ ಬಿಡುತ್ತದೆ. ಹಸುವಿನ ಕಾಲಿನ ಮೂಳೆ ಮುರಿಯಬಲ್ಲ ಬಾಯಿ ಅದು! ಚೆನ್ನೈ ಕೇಂದ್ರದಲ್ಲಿ ಗಂಡು ಮೊಸಳೆಯೂ ಮರಿ ಹೊತ್ತದ್ದುಂಟು. ಸರೀಸೃಪಗಳಲ್ಲಿ ಇಂಥ ಅಪ್ಪ ಅಪರೂಪ.

ಇನ್ನು ಮೊಸಳೆ ಕಣ್ಣೀರು. ಅದು ಸುಳ್ಳು ಅಳುವಿಗೆ ನಾವಿಟ್ಟ ಹೆಸರು. ಫ್ಲೋರಿಡಾದಲ್ಲಿ ಮೊಸಳೆಯ ದಾಯಾದಿಗಳಾದ ಅಲಿಗೇಟರ್, ಕೈಮನ್‌ಗಳಿಗೆ ಒಣನೆಲದ ಮೇಲೆ ಉಣ್ಣಲು ಕೊಟ್ಟು ನೋಡಿದರು. ಏಳರಲ್ಲಿ ಐದು ಉಣ್ಣುತ್ತ ನಿಜಕ್ಕೂ ಕಣ್ಣೀರು ಸುರಿಸಿದವು. 2007ರಲ್ಲಿ ಇದು ಪ್ರಕಟವಾಯಿತು. ದುಃಖ ಸುಳ್ಳಿರಬಹುದು, ನೀರು ಸುಳ್ಳಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದಾಗ ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನಲ್ಲಿ ಒಂದು ಮೊಸಳೆ ಮುಳುಗಿದ ಮನೆಯ ಮಾಡಿನ ಮೇಲೆ ಬಂದು ಕೂತಿತ್ತು. ಆ ಚಿತ್ರ ದೇಶವೆಲ್ಲ ನೋಡಿತು. ಅದರ ಮುಖದಲ್ಲಿ ಸಿಟ್ಟು ಹುಡುಕಿದವರು ಬಹಳ. ನನಗೆ ಕಂಡದ್ದು ಬಸ್ಸು ತಪ್ಪಿ ನಿಲ್ದಾಣದಲ್ಲಿ ಕೂತವನ ಮುಖ.

ಮೇ ಕೊನೆಗೆ ಖಿದ್ರಾಪುರಕ್ಕೆ ಹೋಗುವವರಿದ್ದರೆ ಆನೆಗಳನ್ನು ನೋಡಿ, ಸ್ವರ್ಗಮಂಟಪದ ಕೆಳಗೆ ನಿಂತು ತಲೆ ಎತ್ತಿ. ಆಮೇಲೆ ಹೊಳೆಯ ಏರಿಯ ಮೇಲೆ ಸುಮ್ಮನೆ ಕೂತು ಕಿವಿಗೊಡಿ, ಅದು ಮರಿ ಏಳುವ ಹೊತ್ತು. ಕಾಲು ತೊಳೆಯಲು ಮಾತ್ರ ಊರೊಳಗಿನ ನಲ್ಲಿಯೇ ಸಾಕು.